ಕರಡಿ ಬಸ್ಸು ನಿಂತ ವರ್ಷ

ಕೊಡಿಗೇಹಳ್ಳಿಯ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಮೊದಲು ಮದುವೆ ಕಾರ್ಡು ಅಚ್ಚಾಗುತ್ತಿತ್ತು. ಜನ ಫೋನಿನಲ್ಲೇ ಮದುವೆಗೆ ಕರೆಯಲು ಶುರು ಮಾಡಿದ ಮೇಲೆ ಆರ್ಡರು ಇಳಿಯುತ್ತಾ ಬಂತು. ಮಾಡಿಸುವವರೂ ಐವತ್ತು ಸಾಕು, ದೇವರ ಮುಂದೆ ಇಡೋದಕ್ಕೆ, ಹಿರಿಯರ ಕೈಗೆ ಕೊಡೋದಕ್ಕೆ ಅನ್ನುತ್ತಿದ್ದರು. ಯಂತ್ರ ಇತ್ತು, ರಟ್ಟು ಕತ್ತರಿಸುವ ಡೈ ಇತ್ತು, ಕಾಗದದ ವ್ಯಾಪಾರಿಗಳ ಪರಿಚಯ ಇತ್ತು. ಏನನ್ನು ಅಚ್ಚು ಹಾಕಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಅದನ್ನು ತೋರಿಸಿದವರು ಗದಗದ ಕಡೆಯಿಂದ ಬಂದ ಒಬ್ಬ ಗಣಿತದ ಮೇಡಂ. ಗಂಡನಿಗೆ ಇಲ್ಲಿ ಫ್ಯಾಕ್ಟರಿಯಲ್ಲಿ ಕೆಲಸ, ಇವರು ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ವಿದ್ಯಾರ್ಥಿಗಳಿಗಾಗಿ ತಾವೇ ಕಟ್ಟಿದ ಒಂದು ಕಾರ್ಡಿನ ಆಟವನ್ನು ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದರು. ಕರಡು ತಿದ್ದುವಾಗ ಸರಿಯಾಗಿದೆಯಾ ನೋಡೋಣ ಅಂತ ನಾವಿಬ್ಬರೂ ಎರಡು ಸುತ್ತು ಆಡಿದೆವು. ಎರಡೂ ನಾನೇ ಸೋತೆ, ಮೂರನೆಯದು ಆಡೋಣ ಅಂತ ಕೇಳಿದವನೂ ನಾನೇ. ಮುಂದಿನ ವರ್ಷ ಅವರು ಕಾಲೇಜು ಬಿಟ್ಟು ನನ್ನ ಪಾಲುದಾರರಾದರು. ಆಟದ ನಿಯಮ ಕಟ್ಟೋದು ಅವರದು, ಅಚ್ಚು ಮತ್ತು ಮಾರಾಟ ನನ್ನದು. ನಾನು ಅವರನ್ನು ಮೇಡಂ ಅನ್ನುತ್ತೇನೆ, ಅವರು ನನ್ನನ್ನು ಅಣ್ಣಾರ ಅನ್ನುತ್ತಾರೆ.

ಚಿತ್ರ ಬರೆಯೋದು ನಮ್ಮ ಚಿಕ್ಕಪ್ಪ, ಅಪ್ಪನ ಕೊನೆಯ ತಮ್ಮ. ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ಹೆಬ್ಬಾಳದಿಂದ ಯಲಹಂಕದವರೆಗೆ ರಸ್ತೆಯ ಎರಡೂ ಕಡೆ ಅವರ ಅಕ್ಷರವೇ ಇದ್ದ ಕಾಲ ಒಂದಿತ್ತು. ಫ್ಲೆಕ್ಸ್ ಬಂದ ಮೇಲೆ ಕುಂಚ ಕಟ್ಟಿಟ್ಟು, ಎರಡು ಹಸು ನೋಡಿಕೊಂಡು ಮನೆಯಲ್ಲಿದ್ದರು. ನಾನು ಕರೆದಾಗ ಎರಡನೇ ಮಾತಾಡದೆ ಬಂದರು.

ಮೊದಲ ಮೂರು ಆಟ ನಮ್ಮ ಸ್ವಂತದವು. ಆಡಿದವರು ಚೆನ್ನಾಗಿದೆ ಅಂದರು. ಆದರೆ ಅಂಗಡಿಯವರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ, ಇದರ ಮೇಲೆ ಯಾರಿದ್ದಾರೆ ಅಂತ ಕೇಳುತ್ತಿದ್ದರು. ಟೀವಿಯಲ್ಲಿ ಮಕ್ಕಳು ನೋಡಿರುವ ಮುಖ ಯಾವುದು ಅನ್ನೋದು ಆ ಪ್ರಶ್ನೆಯ ಅರ್ಥ. ನಮ್ಮ ಡಬ್ಬಿಯ ಮೇಲೆ ಅಂಥವರು ಯಾರೂ ಇರಲಿಲ್ಲ. ಕಪಾಟಿನ ಕೆಳಗಿನ ಸಾಲಿನಲ್ಲಿ ಇಡುತ್ತಿದ್ದರು, ಅಲ್ಲೇ ಧೂಳು ಹಿಡಿಯುತ್ತಿತ್ತು.

ತುಮಕೂರು ರಸ್ತೆಯ ಕಡೆ ನಡೆದ ಒಂದು ಆಟಿಕೆಗಳ ಪ್ರದರ್ಶನದಲ್ಲಿ ಮುಂಬೈಯ ಕಾರ್ಟೂನ್ ಕಂಪನಿಯವರು ಸಿಕ್ಕಿದರು. ಅವರದೊಂದು ಕಾರ್ಟೂನ್ ಆಗ ಟೀವಿಯಲ್ಲಿ ಬರುತ್ತಿತ್ತು, ಬಸ್ಸು ಓಡಿಸುವ ಒಂದು ಕರಡಿ ಸಂಸಾರದ ಕಥೆ. ಮೇಡಂ ಹತ್ತಿರ ಆಗಲೇ ಒಂದು ಬಸ್ಸಿನ ಆಟ ಅರ್ಧ ತಯಾರಿತ್ತು. ಎರಡನ್ನೂ ಸೇರಿಸಬಹುದು ಅಂತ ನಮಗೂ ಅನ್ನಿಸಿತು, ಅವರಿಗೂ ಅನ್ನಿಸಿತು. ಕರಡಿಗಳನ್ನು ಬಳಸುವ ಲೈಸೆನ್ಸ್ ಮೂರು ವರ್ಷಕ್ಕೆ, ಆಮೇಲೆ ಇಬ್ಬರಿಗೂ ಒಪ್ಪಿಗೆಯಾದರೆ ಮತ್ತೆ ಮುಂದುವರಿಸೋದು ಅಂತ ಕರಾರಾಯಿತು. ಪ್ರತಿ ಪುಟದ ಕೆಳಗೂ ನಾನು ಸಹಿ ಹಾಕಿದೆ. ಎಲ್ಲವನ್ನೂ ಓದಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಆಟ ಸುಲಭದ್ದು. ಬಸ್ಸಿನ ಓಣಿ ಕಿರಿದು. ಮೊದಲು ಹತ್ತಿದವರು ಒಳಗೆ ಹೋಗುತ್ತಾರೆ, ಕೊನೆಗೆ ಹತ್ತಿದವರು ಬಾಗಿಲ ಹತ್ತಿರ ನಿಲ್ಲುತ್ತಾರೆ. ಒಳಗಿರುವವರ ಸ್ಟಾಪು ಮೊದಲು ಬಂದರೆ ಬಾಗಿಲ ಕಡೆ ಇರುವವರೆಲ್ಲ ಇಳಿದು ಮತ್ತೆ ಹತ್ತಬೇಕು, ಅಷ್ಟರಲ್ಲಿ ಪಕ್ಕದವನ ಬಸ್ಸು ಮುಂದೆ ಹೋಗಿರುತ್ತದೆ. ಯಾರನ್ನು ಯಾವಾಗ ಹತ್ತಿಸಿಕೊಳ್ಳಬೇಕು ಅನ್ನೋದರಲ್ಲೇ ಆಟವೆಲ್ಲ.

ಕಾರ್ಟೂನಿನಲ್ಲಿ ಇದ್ದದ್ದು ಆರು ಕರಡಿ. ನಮಗೆ ಇಪ್ಪತ್ತನಾಲ್ಕು ಪ್ರಯಾಣಿಕರು ಬೇಕಿತ್ತು. ಉಳಿದವರನ್ನು ಚಿಕ್ಕಪ್ಪ ಬರೆದರು. ಸೈಕಲ್ ಟ್ಯೂಬು ಹಿಡಿದವನು, ಕೋಳಿ ಹಿಡಿದವನು, ನಿದ್ದೆ ಹೋಗಿರುವ ಕಂಡಕ್ಟರು. ಅವರಲ್ಲೊಬ್ಬಳು ಸೊಪ್ಪಿನಜ್ಜಿ, ತಲೆ ಮೇಲೆ ಸೊಪ್ಪಿನ ಪುಟ್ಟಿ ಹೊತ್ತವಳು. ಅವಳಿಗೆ ಗೊತ್ತಾದ ಸ್ಟಾಪಿಲ್ಲ, ಎಲ್ಲಿ ಬೇಕಾದರೂ ಇಳಿಯುತ್ತಾಳೆ ಅಂತ ಮೇಡಂ ನಿಯಮ ಮಾಡಿದರು. ಮಕ್ಕಳು ಆ ಒಂದು ಕಾರ್ಡಿಗೆ ಕಿತ್ತಾಡುತ್ತಿದ್ದರು. ಯಾರದು ಅಂತ ಕೇಳಿದರೆ ಚಿಕ್ಕಪ್ಪ, ಯಾರೂ ಅಲ್ಲ, ಕೈಗೆ ಬಂದ್ಲು ಅನ್ನುತ್ತಿದ್ದರು. ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ನಮ್ಮಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ಹೊಲದ ಸೊಪ್ಪನ್ನು ಯಶವಂತಪುರದ ಮಾರ್ಕೆಟ್ಟಿಗೆ ಹೊತ್ತು ಮಾರಿ ಮಕ್ಕಳನ್ನು ಸಾಕಿದವಳು.

ಕರಡಿ ಬಸ್ಸು ಓಡಿತು. ಎರಡೇ ವರ್ಷದಲ್ಲಿ ಪ್ರೆಸ್ಸಿನ ಹತ್ತು ಕೆಲಸದಲ್ಲಿ ಎಂಟು ಅದರದೇ ಆಗಿತ್ತು. ಡಬ್ಬಿ ಇಡಲು ಪಕ್ಕದಲ್ಲಿ ಒಂದು ಗೋಡೌನು ಹಿಡಿದೆವು. ಪ್ಯಾಕಿಂಗಿಗೆ ಅಂತ ಊರಿನ ಒಬ್ಬ ಅಕ್ಕ ಬಂದರು, ಆಮೇಲೆ ಅವರೇ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಮೂರು ವರ್ಷವಾದ ಮೇಲೆ ಕರಾರು ಮುಂದುವರಿಯಿತು. ಇನ್ನು ಇದು ಹೀಗೇ ನಡೆಯುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಎರಡನೇ ಸಲ ಮುಂದುವರಿಸುವ ಸಮಯ ಬಂದಾಗ ಒಂದು ಮಂಗಳವಾರ ಬೆಳಿಗ್ಗೆ ಮೇಲ್ ಬಂತು. ಮುಂಬೈ ಕಂಪನಿಯನ್ನು ಅದಕ್ಕಿಂತ ದೊಡ್ಡದೊಂದು ಕಂಪನಿ ಕೊಂಡಿತ್ತು. ಆ ದೊಡ್ಡವರಿಗೆ ತಮ್ಮದೇ ಆಟಗಳ ವಿಭಾಗ ಇತ್ತು. ಹಾಗಾಗಿ ಲೈಸೆನ್ಸ್ ಮುಂದುವರಿಸುವುದಿಲ್ಲ. ಇವತ್ತಿನಿಂದ ಹೊಸದಾಗಿ ಅಚ್ಚು ಹಾಕುವಂತಿಲ್ಲ. ಇರುವ ಸರಕನ್ನು ಆರು ತಿಂಗಳು ಮಾರಬಹುದು. ಆಮೇಲೆ ಉಳಿದದ್ದನ್ನು ನಾಶ ಮಾಡಿ, ಫೋಟೋ ಸಮೇತ ಪತ್ರ ಕೊಡಬೇಕು. ಮೇಲ್ ಇದ್ದದ್ದು ಇಷ್ಟೇ. ನಾನು ಎರಡು ಸಲ ಓದಿ, ಯಂತ್ರ ನಿಲ್ಲಿಸಲು ಹೇಳಿದೆ. ಆಗ ಕರಡಿ ಬಸ್ಸಿನ ದಾರಿ ಬರೆದ ಆಟದ ಹಲಗೆಗಳೇ ಅಚ್ಚಾಗುತ್ತಿದ್ದವು. ಕತ್ತರಿಸದ ಹಾಳೆಗಳು ಮಂಡಿಯೆತ್ತರ ಬಿದ್ದಿದ್ದವು.

ಮುಂಬೈಗೆ ಫೋನ್ ಮಾಡಿದೆ. ನಮ್ಮ ಕರಾರು ನೋಡಿಕೊಳ್ಳುತ್ತಿದ್ದ ಹೆಂಗಸು ಒಳ್ಳೆಯವರು, ಆರು ವರ್ಷದ ಪರಿಚಯ. ನಿಮ್ಮ ಆಟದಲ್ಲಿ ಏನೂ ಕೊರತೆಯಿಲ್ಲ, ಕಾರಣ ಅದಲ್ಲ ಅಂದರು. ಕತ್ತರಿಸದ ಹಾಳೆ ಸರಕಿನ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿದೆ. ಪತ್ರ ಬರುವ ಮೊದಲೇ ಅಚ್ಚಾಗಿದ್ದರೆ ಬರುತ್ತದೆ, ಸಂಜೆಯೊಳಗೆ ಫೋಟೋ ಕಳಿಸಿ, ನಾನು ಒಪ್ಪಿಗೆ ಬರೆದು ಕಳಿಸುತ್ತೇನೆ ಅಂದರು. ಯಾಕೆ ಸಂಜೆಯೊಳಗೆ ಅಂತ ಕೇಳಿದ್ದಕ್ಕೆ, ಈ ವಾರ ಮುಗಿದರೆ ನನಗೂ ಇಲ್ಲಿ ಕೆಲಸವಿಲ್ಲ ಅಂದರು. ನಾವು ಫೋಟೋ ಕಳಿಸಿದೆವು. ಅವರ ಒಪ್ಪಿಗೆ ಬಂತು. ಅವರಿಗೆ ಒಳ್ಳೆಯದಾಗಲಿ ಅಂತ ಬರೆದೆ, ಆ ವಿಳಾಸದಿಂದ ಆಮೇಲೆ ಉತ್ತರ ಬರಲಿಲ್ಲ.

ಮೇಡಂ ಅವತ್ತೇ ಕರಾರಿನ ಪ್ರತಿ ಎಲ್ಲಿದೆ ಅಂತ ಕೇಳಿ, ಅಲ್ಲೇ ಕುಳಿತು ಮೊದಲ ಪುಟದಿಂದ ಓದಿದರು. ಎರಡು ದಿನ ಬಿಟ್ಟು ನಾವಿಬ್ಬರೂ ಆರ್.ಟಿ. ನಗರದಲ್ಲಿರುವ ನನ್ನ ಪರಿಚಯದ ಒಬ್ಬ ವಕೀಲರ ಹತ್ತಿರ ಹೋದೆವು. ಅವರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಈ ಕಡೆ ಅವರದು, ಆ ಕಡೆ ನಿಮ್ಮದು ಅಂತ ಬರೆಯುತ್ತಾ ಹೋದರು. ಹೆಸರು, ಕರಡಿಗಳು, ಡಬ್ಬಿಯ ಬಣ್ಣ ಅವರದು. ಆಡುವ ರೀತಿ, ದಾಳ, ಮರದ ಬಸ್ಸುಗಳು ನಮ್ಮದು. ಆಟದ ಜೀವ ನಿಮ್ಮ ಹತ್ತಿರವೇ ಇದೆ, ಬೇರೆ ಬಟ್ಟೆ ಹಾಕಬೇಕು ಅಷ್ಟೇ ಅಂದಾಗ ನನಗೆ ಸ್ವಲ್ಪ ಉಸಿರು ಬಂತು. ಆಮೇಲೆ ಅವರು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಈ ಆಟಕ್ಕಾಗಿ ಬರೆಸಿದ ಪ್ರತಿಯೊಂದು ಚಿತ್ರವೂ, ಅದು ಕಾರ್ಟೂನಿನಲ್ಲಿ ಇರಲಿ ಇಲ್ಲದಿರಲಿ, ಕಾರ್ಟೂನಿನ ಒಡೆಯರಿಗೆ ಸೇರಿದ್ದು ಅಂತ ಅಲ್ಲಿತ್ತು. ಅದರ ಕೆಳಗೆ ನನ್ನ ಸಹಿ ಇತ್ತು.

ಸೊಪ್ಪಿನಜ್ಜಿಯನ್ನು ಹೊಸ ಆಟಕ್ಕೆ ತರಬಹುದಾ ಅಂತ ಕೇಳಿದೆ. ತರುವಂತಿಲ್ಲ, ಅವಳ ಹಾಗೆ ಕಾಣುವ ಇನ್ನೊಬ್ಬಳನ್ನೂ ತರಬೇಡಿ ಅಂದರು.

ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಮೇಡಂ ಹೇಳಿದರು, "ಚಿಕ್ಕಪ್ಪಾರಿಗೆ ನೀವ ಹೇಳ್ರಿ ಅಣ್ಣಾರ. ನಾ ಹೇಳಿದ್ರ ಅದು ಬರೀ ಕಾಗದದ ಮಾತು ಆಗ್ತೈತಿ."

ಹೇಳೋದಕ್ಕೆ ನನಗೆ ಎಂಟು ದಿನ ಬೇಕಾಯಿತು. ದಿನಾ ಚಿಕ್ಕಪ್ಪ ಬರುತ್ತಿದ್ದರು, ಕಿಟಕಿ ಹತ್ತಿರ ಕೂರುತ್ತಿದ್ದರು, ನಾನು ಇನ್ನೇನೋ ಮಾತಾಡಿ ಎದ್ದು ಹೋಗುತ್ತಿದ್ದೆ. ಒಂಬತ್ತನೇ ದಿನ ಕಾಫಿ ಲೋಟ ಕೊಟ್ಟು, ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಲೈಸೆನ್ಸ್ ಹೋಗಿದ್ದು, ಚಿತ್ರಗಳು ಕಂಪನಿಗೆ ಸೇರಿದ್ದು, ನಾನು ಓದದೆ ಸಹಿ ಹಾಕಿದ್ದು. ಅವರು ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು.

"ನಲವತ್ತು ವರ್ಸ ಬೋರ್ಡು ಬರ್ದಿವ್ನಿ," ಅಂದರು ಆಮೇಲೆ. "ಬರ್ದ ಮ್ಯಾಲೆ ಅಂಗ್ಡಿ ನಂದು ಅಂತ ಯಾವತ್ತಾರ ಕೇಳಿದ್ನಾ? ಬುಡು."

ನಾನು ಲೋಟ ತೆಗೆದುಕೊಂಡು ಏಳುವಷ್ಟರಲ್ಲಿ ಮೆಲ್ಲಗೆ ಇನ್ನೊಂದು ಮಾತು ಬಂತು.

"ಆದ್ರೆ ಅದು ನಮ್ಮವ್ವ ಕಣಪ್ಪ."

ಮರುದಿನ ಅವರು ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಮನೆಗೆ ಹೋಗಿ ಕರೆದರೆ ಹಸುವಿಗೆ ಹುಷಾರಿಲ್ಲ ಅಂದರು. ಹಸು ಚೆನ್ನಾಗೇ ಮೇಯುತ್ತಿತ್ತು. ಚಿಕ್ಕಮ್ಮ ನನ್ನ ಮುಖ ನೋಡಿ ಒಳಗೆ ಹೋದರು. ಆಮೇಲೆ ನಾನೂ ಕರೆಯೋದನ್ನು ನಿಲ್ಲಿಸಿದೆ.

ಸರಕು ಮಾರುವ ಆರು ತಿಂಗಳು ಒಂದೊಂದು ಅಂಗಡಿ ಒಂದೊಂದು ಥರ ನಡೆದುಕೊಂಡಿತು. ಇನ್ನು ಸಿಗೋದಿಲ್ಲ ಅಂತ ಕೇಳಿ ಕೆಲವರು ಎಂದಿಗಿಂತ ಹೆಚ್ಚು ತೆಗೆದುಕೊಂಡರು. ಕೆಲವರು, ನಿಂತುಹೋಗುವ ಆಟ ನಮಗೆ ಯಾಕೆ ಅಂತ ಇದ್ದದ್ದನ್ನೂ ವಾಪಸು ಕಳಿಸಿದರು. ಚಿಕ್ಕಬಾಣಾವರದ ಒಂದು ಶಾಲೆಯವರು ಕೂಡೋದು ಕಳೆಯೋದು ಕಲಿಸಲು ಇದನ್ನೇ ಬಳಸುತ್ತಿದ್ದರು. ಅಲ್ಲಿನ ಟೀಚರು ಆಟೋದಲ್ಲಿ ಬಂದು ಅದರಲ್ಲಿ ಹಿಡಿಯುವಷ್ಟು ಡಬ್ಬಿ ಒಯ್ದರು. ನಾಗಸಂದ್ರದಿಂದ ಒಬ್ಬ ತಾಯಿ ಫೋನ್ ಮಾಡಿ, ಮಗಳು ನಿದ್ದೆಯ ಕಂಡಕ್ಟರ್ ಕಾರ್ಡನ್ನು ಕಳೆದುಕೊಂಡಿದ್ದಾಳೆ, ಒಂದೇ ಒಂದು ಕಳಿಸಿಕೊಡಿ ಅಂದರು. ಕಳೆದುಹೋದ ಬಿಡಿ ಕಾರ್ಡುಗಳನ್ನು ನಾವು ಯಾವಾಗಲೂ ಪುಕ್ಕಟೆ ಕಳಿಸುತ್ತಿದ್ದೆವು. ಈಗ ಬಿಡಿ ಕಾರ್ಡು ಉಳಿದಿರಲಿಲ್ಲ, ಅಚ್ಚು ಹಾಕುವಂತಿರಲಿಲ್ಲ. ಅದೇ ಅಳತೆಯ ಒಂದು ಖಾಲಿ ರಟ್ಟು ಕಳಿಸುತ್ತೇನೆ, ಮಗಳ ಕೈಯಲ್ಲೇ ಬರೆಸಿಕೊಳ್ಳಿ ಅಂದೆ. ಹತ್ತು ದಿನವಾದ ಮೇಲೆ ಅವರು ಫೋಟೋ ಕಳಿಸಿದರು. ಆ ಹುಡುಗಿಯ ಕಂಡಕ್ಟರು ಎದ್ದು ಕುಳಿತಿದ್ದ.

ಗಡುವು ಮುಗಿದಾಗ ಮುನ್ನೂರು ಚಿಲ್ಲರೆ ಡಬ್ಬಿ ಉಳಿದಿದ್ದವು. ಪ್ಯಾಕಿಂಗ್ ಅಕ್ಕ, ಇವನ್ನು ಹರಿಯೋದು ಯಾಕೆ, ಅಂಗನವಾಡಿಗೆ ಕೊಟ್ಟರೆ ಮಕ್ಕಳಾದರೂ ಆಡಿಕೊಳ್ಳುತ್ತವಲ್ಲ ಅಂತ ಕೇಳಿದರು. ನನಗೂ ಅದೇ ಅನ್ನಿಸಿತ್ತು. ಅನುಮತಿ ಕೇಳಿ ಬರೆದೆ. ಹೊಸ ಕಂಪನಿಯಿಂದ ನಾನು ಕಾಣದ ಯಾರೋ ಎರಡೇ ಸಾಲು ಉತ್ತರಿಸಿದರು. ದಾನಕ್ಕೆ ಅವಕಾಶವಿಲ್ಲ, ನಿಮ್ಮ ದಾಖಲೆಗೆ ಎರಡು ಪ್ರತಿ ಇಟ್ಟುಕೊಳ್ಳಬಹುದು. ಗೊತ್ತಾಗದ ಹಾಗೆ ಐವತ್ತು ಡಬ್ಬಿ ಸರಿಸಿಬಿಡೋಣ ಅಂತ ನಾನು ಮೇಡಂ ಮುಂದೆ ಬಾಯಿ ಬಿಟ್ಟು ಹೇಳಿದೆ. ಅವರು ಒಪ್ಪಲಿಲ್ಲ. ಓದದೆ ಸಹಿ ಹಾಕಿದ್ದು ಒಂದು ತಪ್ಪು, ಈಗ ಸುಳ್ಳು ಪತ್ರ ಬರೆದರೆ ಎರಡಾಗುತ್ತದೆ ಅಂದರು. ಅವರು ಹೇಳಿದ್ದು ಸರಿಯಾಗಿತ್ತು. ಆದರೂ ಅವತ್ತು ನನಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ.

ಎರಡು ದಿನ ಎಲ್ಲರೂ ನೆಲದ ಮೇಲೆ ಕುಳಿತು ಡಬ್ಬಿಗಳನ್ನು ಬಿಚ್ಚಿದೆವು. ದಾಳ ಒಂದು ಬುಟ್ಟಿಗೆ, ಮರದ ಬಸ್ಸು ಇನ್ನೊಂದು ಬುಟ್ಟಿಗೆ, ಹಲಗೆ ಮತ್ತು ಕಾರ್ಡುಗಳು ಚೀಲಕ್ಕೆ. ವರ್ಷಗಟ್ಟಲೆ ಜೋಡಿಸಿ ತುಂಬಿದ ಅವೇ ಕೈಗಳು ಈಗ ತೆಗೆಯುತ್ತಿದ್ದವು, ಅದೂ ಜೋಡಿಸಿದಷ್ಟೇ ಅಚ್ಚುಕಟ್ಟಾಗಿ. ನಾಗಸಂದ್ರದ ಹತ್ತಿರ ಕಾಗದ ಚೂರು ಮಾಡುವ ಒಂದು ಜಾಗಕ್ಕೆ ಚೀಲಗಳನ್ನು ಒಯ್ದೆ. ಒಂದೊಂದು ಚೀಲ ಸುರಿಯುವಾಗಲೂ ಫೋಟೋ ತೆಗೆಯಬೇಕಿತ್ತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಮನೆಗೆ ಬಂದು ಪತ್ರ ಬರೆದು ಕಳಿಸಿದೆ.

ಈ ನಡುವೆ ಮೇಡಂ ಆಟಕ್ಕೆ ಹೊಸ ಕಥೆ ಹುಡುಕುತ್ತಿದ್ದರು. ಪ್ರಯಾಣಿಕರ ಬದಲು ಮೀನು ಹಾಕಿದರು, ಅಂಚೆ ಪೊಟ್ಟಣ ಹಾಕಿದರು, ಗಗನಯಾತ್ರಿಗಳನ್ನೂ ಹಾಕಿ ನೋಡಿದರು. ಯಲಹಂಕದ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮಕ್ಕಳಿಂದ ಆಡಿಸಿದೆವು. ಆಡಿ ಮುಗಿಸಿದ ಒಂದು ಹುಡುಗಿ, ಅಂಕಲ್, ಇದು ಕರಡಿ ಬಸ್ಸೇ ಅಲ್ವಾ, ಕರಡಿ ಎಲ್ಲಿ ಹೋದ್ವು ಅಂತ ಕೇಳಿದಳು. ನಾನು ಬೇರೆ ಲೈಸೆನ್ಸ್ ಹಿಡಿಯೋಣ ಅಂದೆ. ಒಂದು ಜ್ಯೂಸ್ ಕಂಪನಿಯವರು ತಮ್ಮ ಮಾವಿನಹಣ್ಣಿನ ಗೊಂಬೆಯನ್ನು ಕೊಡಲು ತಯಾರಿದ್ದರು. ಮೇಡಂ, ಇದೊಂದು ನಮ್ಮ ಹೆಸರಲ್ಲೇ ಬರಲಿ, ಎರಡು ತಿಂಗಳು ಕೊಡಿ ಅಂದರು. ಗೋಡೌನು ಬಿಟ್ಟೆವು. ಅಕ್ಕನ ಜೊತೆ ಬಂದಿದ್ದ ಇಬ್ಬರಿಗೆ ಬೇರೆ ಕಡೆ ಕೆಲಸ ಹುಡುಕಿ ಕೊಟ್ಟೆವು. ಅಕ್ಕನಿಗೆ ವಾರಕ್ಕೆ ಮೂರು ದಿನದ ಕೆಲಸವಷ್ಟೇ ಉಳಿಯಿತು. ನಾನು ಮತ್ತೆ ಬಿಲ್ ಪುಸ್ತಕ, ಕರಪತ್ರ ಅಂತ ಸಿಕ್ಕಿದ್ದನ್ನೆಲ್ಲ ಅಚ್ಚು ಹಾಕುತ್ತಿದ್ದೆ.

ಆ ಎರಡು ತಿಂಗಳಲ್ಲೇ ಮೇಡಂ ಮನೆ ಬದಲಾಯಿಸಿದರು. ಆರ್.ಟಿ. ನಗರದ ಬಾಡಿಗೆ ಮನೆಯಿಂದ ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ ಹತ್ತಿರ ತಾವು ಕೊಂಡ ಸಣ್ಣ ಮನೆಗೆ. ನಾನೂ ಸಾಮಾನು ಹೊರಲು ಹೋಗಿದ್ದೆ. ಟೆಂಪೋದವರು ಅಡುಗೆಮನೆಯಿಂದ ಶುರು ಮಾಡಿದರು. ಗ್ಯಾಸ್ ಒಲೆ, ಸಿಲಿಂಡರು, ಪಾತ್ರೆಯ ಮೂಟೆಗಳು ಮೊದಲು ಒಳಗೆ ಹೋದವು. ಆಮೇಲೆ ಮಂಚ, ಬೀರು, ಹಾಸಿಗೆ, ಪುಸ್ತಕದ ರಟ್ಟಿನ ಪೆಟ್ಟಿಗೆಗಳು. ಹಗ್ಗ ಬಿಗಿದು ಹೊರಟೆವು.

ಹೊಸ ಮನೆಯ ಬಾಗಿಲಲ್ಲಿ ಅವರ ಅತ್ತೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ಹತ್ತೂವರೆಯೊಳಗೆ ಹಾಲು ಉಕ್ಕಿಸಬೇಕು, ಆಮೇಲೆ ರಾಹುಕಾಲ. ಒಲೆ ಎಲ್ಲಿ ಅಂತ ಕೇಳಿದರು. ನಾವೆಲ್ಲ ಟೆಂಪೋ ಕಡೆ ನೋಡಿದೆವು. ಒಲೆ ಎಲ್ಲದಕ್ಕಿಂತ ಒಳಗೆ, ಡ್ರೈವರಿನ ಬೆನ್ನ ಹಿಂದೆ ಇತ್ತು.

ಬೇರೆ ದಾರಿ ಇರಲಿಲ್ಲ. ಪೆಟ್ಟಿಗೆ, ಹಾಸಿಗೆ, ಬೀರು, ಮಂಚ ಎಲ್ಲವನ್ನೂ ರಸ್ತೆಗೆ ಇಳಿಸಿದೆವು. ಹಿಂದೆ ಒಂದು ಆಟೋ ಬಂದು ಹಾರ್ನ್ ಹೊಡೆಯತೊಡಗಿತು. ಅದಕ್ಕೆ ದಾರಿ ಬಿಡಲು ಬೀರುವನ್ನು ಮತ್ತೆ ಎತ್ತಿದೆವು. ಮೇಡಂ ರಸ್ತೆ ಬದಿಯ ತಮ್ಮ ಮಂಚದ ಮೇಲೆ ಕುಳಿತು ನಗುತ್ತಿದ್ದರು. ನಗುತ್ತಾ ನಗುತ್ತಾ ತಟ್ಟನೆ ಟೆಂಪೋ ಕಡೆ ತಿರುಗಿದರು. ಒಲೆ ಹೊತ್ತು ಒಳಗೆ ಹೋಗುತ್ತಿದ್ದ ನನ್ನನ್ನು ಅಲ್ಲೇ ನಿಲ್ಲಿಸಿದರು.

"ಅಣ್ಣಾರ, ನಮ್ಮ ಬಸ್ಸಿನ ಆಟ ಇದ ಅಲ್ಲೇನ್ರಿ?"

ಹಾಲು ಹತ್ತು ಇಪ್ಪತ್ತೈದಕ್ಕೆ ಉಕ್ಕಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಮೇಡಂ ಒಂದು ಸಿಹಿ ಡಬ್ಬಿಯ ಮುಚ್ಚಳದ ಹಿಂದೆ ನಿಯಮ ಬರೆದು ಮುಗಿಸಿದ್ದರು. ಪ್ರತಿಯೊಬ್ಬರಿಗೂ ಒಂದೊಂದು ಟೆಂಪೋ. ಕೊನೆಗೆ ತುಂಬಿದ್ದು ಮೊದಲು ಇಳಿಯುತ್ತದೆ. ಹೊಸ ಮನೆಯವರು ಯಾವ ಸಾಮಾನು ಮೊದಲು ಕೇಳುತ್ತಾರೆ ಅನ್ನೋದು ಚೀಟಿ ಎತ್ತಿದಾಗಲೇ ಗೊತ್ತಾಗೋದು, ಆದರೆ ಒಲೆ ಮತ್ತು ದೇವರ ಫೋಟೋ ಇಲ್ಲದೆ ಯಾವ ಮನೆಯೂ ಶುರುವಾಗೋದಿಲ್ಲ. ಯಲಹಂಕದ ಅದೇ ಮಕ್ಕಳಿಗೆ ಕೊಟ್ಟೆವು. ಈ ಸಲ ಕರಡಿಯ ಮಾತು ಬರಲಿಲ್ಲ. ದೊಡ್ಡವರೂ ಬಂದು ಕುಳಿತು, ತಮ್ಮ ತಮ್ಮ ಮನೆ ಬದಲಾಯಿಸಿದ ಕಥೆ ಹೇಳಿಕೊಂಡು ಆಡಿದರು.

ಚಿತ್ರ ಬೇಕಿತ್ತು. ನಾನು ಚಿಕ್ಕಪ್ಪನ ಮನೆಗೆ ಹೋದೆ. ಕೊನೆಯ ಸಲ ಅಲ್ಲಿಗೆ ಹೋಗಿ ಏಳು ತಿಂಗಳಾಗಿತ್ತು. ಆಟವನ್ನು ನೆಲದ ಮೇಲೆ ಹರಡಿ ತೋರಿಸಿದೆ. ಮನೆ ಬದಲಾಯಿಸುವ ಸಂಸಾರಗಳನ್ನು ಬರೆದುಕೊಡಿ ಅಂದೆ. ಎಲ್ಲವನ್ನೂ ನೋಡಿ, ಆಗೋದಿಲ್ಲ ಅಂದರು. ಸಿಟ್ಟಿನಿಂದ ಹೇಳಿದ್ದಲ್ಲ. "ಎಂಗಸ್ರ ಮುಖ ಬರ್ಯಾಕೋದ್ರೆ ಅವ್ಳೇ ಬತ್ತಾಳೆ. ನಿಮ್ ವಕೀಲ್ರು ಬ್ಯಾಡ ಅಂದವ್ರೆ. ಇನ್ನೊಂದ್ ಮುಖ ಈ ಕೈಗೆ ಬರಾಕಿಲ್ಲ."

ನಾನು ಎದ್ದು ಹೊರಟೆ. ಆಟವನ್ನು ಅಲ್ಲೇ ಬಿಟ್ಟೆ. ಮೂರನೇ ದಿನ ಅವರೇ ಪ್ರೆಸ್ಸಿಗೆ ಬಂದರು. ಕೈಯಲ್ಲಿ ಹಳೇ ಕ್ಯಾಲೆಂಡರಿನ ಒಂದು ಹಾಳೆ, ಅದರ ಹಿಂದೆ ಒಂದು ಕಬ್ಬಿಣದ ಬೀರು. ಬಾಗಿಲು ಅರ್ಧ ತೆರೆದಿದೆ, ಒಳಗೆ ಮಡಿಸಿಟ್ಟ ಸೀರೆಯ ಅಂಚು ಕಾಣುತ್ತದೆ. ಬೋರ್ಡು ಬರೆಯುವವರ ಗಟ್ಟಿ ಗೆರೆ, ನೆರಳು ಒಂದೇ ಕಡೆ. ಜನ ಬೇಡ, ಸಾಮಾನು ಬರೆದುಕೊಡುತ್ತೇನೆ ಅಂದರು. ಒರಳುಕಲ್ಲು, ಟ್ರಂಕು, ಮೇಜಿನ ಫ್ಯಾನು, ಕಾಲು ಮುರಿದ ಕುರ್ಚಿ, ನೀರಿನ ಹಂಡೆ, ಹೀಗೆ ಮೂವತ್ತೆರಡು ಬರೆದರು. ನಮ್ಮ ಆಟದಲ್ಲಿ ಒಂದು ಮುಖವೂ ಇಲ್ಲದೆ ಹೋದದ್ದು ಹೀಗೆ. ಆಮೇಲೆ ಯಾರೋ ಅದನ್ನು ದೊಡ್ಡ ಯೋಚನೆ ಅಂತ ಹೊಗಳಿದರು. ನಾವು ತಿದ್ದಲು ಹೋಗಲಿಲ್ಲ.

ಅಚ್ಚಿಗೆ ಹಾಕುವ ಮೊದಲು ಮೇಡಂ ವಕೀಲರಿಂದ ಒಂದು ಪುಟದ ಕರಾರು ಬರೆಸಿ ತಂದರು, ಕನ್ನಡದಲ್ಲಿ. ಚಿತ್ರಗಳು ಚಿಕ್ಕಪ್ಪನವು, ಈ ಆಟದಲ್ಲಿ ಬಳಸಲು ಅವರು ನಮಗೆ ಅನುಮತಿ ಕೊಟ್ಟಿದ್ದಾರೆ ಅಂತ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಾವೇ ಗಟ್ಟಿಯಾಗಿ ಓದಿದರು. ಒಂದು ಸಾಲು ಸೇರಿಸಬೇಕು ಅಂದರು. ಬಣ್ಣ ಬದಲಾಯಿಸಬೇಕಾದರೆ ನನ್ನನ್ನು ಕೇಳಬೇಕು. ಸೇರಿಸಿದೆವು. ಆ ಸಾಲನ್ನು ಅವರು ಇವತ್ತಿಗೂ ಚಲಾಯಿಸುತ್ತಾರೆ. ಕಳೆದ ಸಲ ಹಂಡೆಯ ತಾಮ್ರದ ಬಣ್ಣ ಕಂದುಬಣ್ಣವಾಯಿತು ಅಂತ ಯಂತ್ರ ನಿಲ್ಲಿಸಿದ್ದರು.

ಆಟ ಕರಡಿ ಬಸ್ಸಿನ ಹಾಗೆ ಓಡಲಿಲ್ಲ. ಅಂಗಡಿಯವರು ಮತ್ತೆ ಡಬ್ಬಿ ತಿರುಗಿಸಿ ಅದೇ ಪ್ರಶ್ನೆ ಕೇಳಿದರು. ಕೆಲವರು ಇಟ್ಟುಕೊಳ್ಳಲೇ ಇಲ್ಲ. ಮೊದಲ ವರ್ಷ ಕಷ್ಟದ್ದೇ. ಆಮೇಲೆ ನಾವು ಎಣಿಸದ ಒಂದು ದಾರಿ ತೆರೆಯಿತು. ಜನ ಇದನ್ನು ಗೃಹಪ್ರವೇಶಕ್ಕೆ ಉಡುಗೊರೆ ಕೊಡಲು ಕೊಳ್ಳತೊಡಗಿದರು. ಮೊದಲು ಕೊಂಡದ್ದು ಮೇಡಂ ಬೀದಿಯವರೇ. ಆಟಿಕೆ ಅಂಗಡಿ ಬಿಟ್ಟು ಪಾತ್ರೆ ಅಂಗಡಿ, ಉಡುಗೊರೆ ಅಂಗಡಿಗಳಿಗೆ ಡಬ್ಬಿ ಹೊತ್ತುಕೊಂಡು ಹೋದೆ. ಅಲ್ಲಿ ಯಾರೂ ಮುಖ ಯಾರದು ಅಂತ ಕೇಳಲಿಲ್ಲ. ಅಕ್ಕನಿಗೆ ಮತ್ತೆ ವಾರವಿಡೀ ಕೆಲಸವಾಯಿತು. ಗೋಡೌನು ಮಾತ್ರ ಇನ್ನೂ ಹಿಡಿದಿಲ್ಲ.

ಹೆಬ್ಬಾಳದ ಕಡೆಯ ಒಂದು ದೊಡ್ಡ ಅಂಗಡಿಯಲ್ಲಿ ಹೊಸ ಕಂಪನಿಯ ಕರಡಿ ಆಟ ನನಗೆ ಕಂಡದ್ದು ಆ ಮುಂದಿನ ವರ್ಷ. ಆಡುವ ರೀತಿ ಪೂರ್ತಿ ಬೇರೆ, ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಡಬ್ಬಿಯ ಮೂಲೆಯಲ್ಲಿ ಸೊಪ್ಪಿನಜ್ಜಿ ಇದ್ದಳು. ಬೇರೆ ಯಾರೋ ಮತ್ತೆ ಬರೆದಿದ್ದರು, ಕೆನ್ನೆ ದುಂಡಗಾಗಿತ್ತು, ಕನ್ನಡಕ ಬಂದಿತ್ತು. ಕೊಂಡು ತಂದೆ. ಎರಡು ದಿನ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಇನ್ನೊಂದು ಸಲ ಎಂಟು ದಿನ ತಳ್ಳಬಾರದು ಅಂತ ಮೂರನೇ ದಿನ ಚಿಕ್ಕಪ್ಪನ ಮುಂದೆ ಇಟ್ಟೆ.

ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪುಟ್ಟಿ ಸೊಂಟದ ಮ್ಯಾಲೆ ಮಡಗವ್ರೆ," ಅಂದರು. "ನಮ್ಮವ್ವ ತಲೆ ಮ್ಯಾಲೆ ಒರ್ತಿದ್ಲು. ಇವ್ಳು ಬ್ಯಾರೆ ಯಾರೋ."

ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಅರ್ಧ ಬಿಟ್ಟಿದ್ದ ಕೆಲಸಕ್ಕೆ ಕುಳಿತರು. ನಾನು ಅಂದುಕೊಂಡಷ್ಟು ಅವರಿಗೆ ನೋವಾಗಲಿಲ್ಲವೋ, ಆದದ್ದನ್ನು ತೋರಿಸಲಿಲ್ಲವೋ ಗೊತ್ತಿಲ್ಲ. ಕೇಳಲಿಲ್ಲ.

ಈ ವರ್ಷದ ಶುರುವಿನಲ್ಲಿ ಇನ್ನೊಂದು ಕಂಪನಿಯವರು ಬಂದರು. ಅವರದೊಂದು ಮಕ್ಕಳ ಅನಿಮೇಶನ್ ಸಿನಿಮಾ ಬರುತ್ತಿದೆ, ಅದಕ್ಕೊಂದು ಆಟ ಬೇಕು ಅಂದರು. ಬೇಡ ಅನ್ನುವುದು ಸುಲಭವಿತ್ತು. ಬೇಡ ಅನ್ನುವವರು ಮೇಡಂ ಅಂತ ನಾನು ತಿಳಿದಿದ್ದೆ. ಅವರು, ಹಿಡಿಯೋಣ ಅಂದರು. ಒಂದೇ ಅಚ್ಚು, ಒಂದೇ ವರ್ಷ, ಪ್ರೆಸ್ಸಿನ ಕಾಲು ಭಾಗಕ್ಕಿಂತ ಹೆಚ್ಚು ಅದಕ್ಕೆ ಕೊಡಬಾರದು ಅಂತ ಅವರ ಷರತ್ತು. ಕರಾರನ್ನು ಈ ಸಲ ನಾನು ಮೂರು ದಿನ ಓದಿದೆ, ವಕೀಲರು ಒಂದು ದಿನ ಓದಿದರು. ನಾವು ಎರಡು ಬದಲಾವಣೆ ಕೇಳಿದೆವು. ಉಳಿದ ಸರಕನ್ನು ಶಾಲೆಗಳಿಗೆ ಕೊಡಬಹುದು ಅನ್ನೋದು ಒಂದು. ಸಿನಿಮಾದಲ್ಲಿ ಇಲ್ಲದ ಚಿತ್ರ ನಾವು ಬರೆದರೆ ಅದು ಬರೆದವರದು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ, ಅದು ಎಲ್ಲೂ ನಡೆಯೋದಿಲ್ಲ ಸಾರ್ ಅಂತ ವಿನಯವಾಗೇ ಹೇಳಿದರು.

ಚಿಕ್ಕಪ್ಪನಿಗೆ ವಿಷಯ ತಿಳಿಸಿದೆ. ಹಂಗಾದರೆ ಅವರು ಕೊಟ್ಟ ಚಿತ್ರವನ್ನೇ ಹಾಕಿಕೊಳ್ಳಿ, ಅದರ ಮೇಲೆ ಒಂದು ಗೆರೆಯನ್ನೂ ಸೇರಿಸಬೇಡಿ ಅಂದರು. ಅಷ್ಟೇ ಪಾತ್ರಗಳಲ್ಲಿ ಮುಗಿಯುವ ಹಾಗೆ ಮೇಡಂ ಆಟ ಕಟ್ಟಿದರು. ಮುಂದಿನ ತಿಂಗಳು ಅದು ಅಚ್ಚಿಗೆ ಹೋಗುತ್ತದೆ. ಸಿನಿಮಾ ಓಡಿದರೆ ಮಾರುತ್ತದೆ, ಓಡದಿದ್ದರೆ ಚಿಕ್ಕಬಾಣಾವರದ ಶಾಲೆಯ ಟೀಚರಿಗೆ ಮೊದಲು ಫೋನ್ ಮಾಡುತ್ತೇನೆ. ಚಿಕ್ಕಪ್ಪ ಈಗ ಮನೆ ಸಾಮಾನಿನ ಆಟಕ್ಕೆ ಇನ್ನೂ ಎಂಟು ಕಾರ್ಡು ಬರೆಯುತ್ತಿದ್ದಾರೆ. ನಿನ್ನೆ ಹೊಲಿಗೆ ಮಿಷನ್ನು ಮುಗಿಯಿತು, ಇವತ್ತು ತೊಟ್ಟಿಲಿಗೆ ಹಳದಿ ಹಚ್ಚುತ್ತಿದ್ದರು.